ಸೇರಿಸುವ ಮುನ್ನ ಒಂದು ಪರೀಕ್ಷೆ, ಬಿಡುಗಡೆಗೆ ಮುನ್ನ ಇನ್ನೊಂದು

ಮಕ್ಕಳೇ, ನಿಮ್ಮ ಮನೆಯ ಮೊಬೈಲ್ ಫೋನಿನೊಳಗೆ ಎಸ್‌ಕ್ಯೂಲೈಟ್ ಎಂಬ ಒಂದು ಪ್ರೋಗ್ರಾಂ ಇದೆ. ಅದರ ಹೆಸರು ಪರದೆಯ ಮೇಲೆ ಎಲ್ಲೂ ಕಾಣಿಸುವುದಿಲ್ಲ. ಫೋನ್ ನಂಬರು, ಮೆಸೇಜು ಹೀಗೆ ನೆನಪಿಡಬೇಕಾದದ್ದನ್ನು ಜೋಡಿಸಿಡುವುದು, ಕೇಳಿದಾಗ ಹುಡುಕಿಕೊಡುವುದು ಅದರ ಕೆಲಸ. ಈ ಪ್ರೋಗ್ರಾಂ ಸುಮಾರು ಒಂದೂವರೆ ಲಕ್ಷ ಸಾಲಿನಷ್ಟು ಉದ್ದವಿದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಅದನ್ನು ಬರೆದವರು ಬೇರೆಯದೇ ಪ್ರೋಗ್ರಾಂಗಳನ್ನು ಬರೆದಿಟ್ಟಿದ್ದಾರೆ. ಅವುಗಳ ಉದ್ದ ಎಷ್ಟಿರಬಹುದು, ಊಹಿಸಿ ನೋಡೋಣ. ಅವರೇ ಕೊಟ್ಟಿರುವ ಲೆಕ್ಕದಂತೆ ಮೂಲ ಪ್ರೋಗ್ರಾಮಿನ ಸುಮಾರು 590 ಪಟ್ಟು! ಅಂದರೆ ಒಂಬತ್ತು ಕೋಟಿ ಸಾಲಿಗೂ ಹೆಚ್ಚು.

ಮಾಡುವ ಕೆಲಸಕ್ಕಿಂತ ಪರೀಕ್ಷಿಸುವ ಕೆಲಸವೇ ಇಷ್ಟು ದೊಡ್ಡದೇ ಎಂದು ನಿಮಗೆ ಅನ್ನಿಸಬಹುದು. ಕೋಟ್ಯಂತರ ಫೋನುಗಳಲ್ಲಿ ಓಡುವ ಪ್ರೋಗ್ರಾಮಿನಲ್ಲಿ ಒಂದು ಸಾಲು ತಪ್ಪಾದರೂ ಆ ತಪ್ಪು ಕೋಟ್ಯಂತರ ಮನೆಗಳನ್ನು ತಲುಪುತ್ತದೆ. ಹಾಗಾಗಿ ತಪ್ಪನ್ನು ಹೊರಡುವ ಮೊದಲೇ ಹಿಡಿಯಬೇಕು. ಹೇಗೆ ಹಿಡಿಯುತ್ತಾರೆ ಎಂಬುದೇ ಇವತ್ತಿನ ಮಾತು.

ಮುಕ್ತ ತಂತ್ರಾಂಶ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದರ ಕೋಡ್ (ಪ್ರೋಗ್ರಾಮಿನ ಸಾಲುಗಳು) ಯಾರು ಬೇಕಾದರೂ ಓದುವಂತೆ ತೆರೆದಿರುತ್ತದೆ. ತಿದ್ದಿ ಬಳಸುವುದಕ್ಕೂ ಅನುಮತಿ ಇರುತ್ತದೆ. ಅಪಾಚೆ ಆ್ಯರೋ ಎಂಬುದು ಅಂಥದ್ದೇ ಒಂದು ಯೋಜನೆ. 2016ರ ಫೆಬ್ರವರಿಯಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅದನ್ನು ಪ್ರಕಟಿಸಿತು. ದೊಡ್ಡ ದೊಡ್ಡ ಕೋಷ್ಟಕಗಳನ್ನು ಕಂಪ್ಯೂಟರಿನ ನೆನಪಿನಲ್ಲಿ ಹೇಗೆ ಜೋಡಿಸಿಟ್ಟರೆ ಬೇಗ ಲೆಕ್ಕ ಮಾಡಬಹುದು ಎಂಬುದಕ್ಕೆ ಅದು ಒಂದು ಪದ್ಧತಿ ಹಾಕಿಕೊಟ್ಟಿದೆ. ಸಿ++, ಜಾವಾ, ಪೈಥಾನ್, ರಸ್ಟ್, ಗೋ ಮುಂತಾದ ಬೇರೆ ಬೇರೆ ಭಾಷೆಗಳಲ್ಲಿ ಬರೆದ ಪ್ರೋಗ್ರಾಂಗಳು ಒಂದೇ ಕೋಷ್ಟಕವನ್ನು ಹಂಚಿಕೊಳ್ಳಲು ಇದರಿಂದ ಸಾಧ್ಯ. ಬೇರೆ ಬೇರೆ ದೇಶಗಳ ನೂರಾರು ಜನ ಇದಕ್ಕೆ ಕೋಡ್ ಬರೆದಿದ್ದಾರೆ. ಅವರಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಲ್ಲ.

ಮುಖ ನೋಡದವರು ಬರೆದ ಕೋಡನ್ನು ನಂಬುವುದು ಹೇಗೆ? ಯಾರೂ ಬರೀ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ, ಪರೀಕ್ಷೆ ಮಾಡಿ ನೋಡಬಹುದು. ಪರೀಕ್ಷಿಸುವ ವಿಧಾನವೂ ಕೋಡಿನ ಜೊತೆಗೇ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಆ್ಯರೋದಲ್ಲಿ ಅದಕ್ಕೆಂದೇ ‘ಡೆವ್’ ಎಂಬ ಫೋಲ್ಡರ್ ಇದೆ. ಅದರ ತುಂಬ ಸ್ಕ್ರಿಪ್ಟುಗಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದರ ಹಿಂದೊಂದರಂತೆ ಕೊಡಬೇಕಾದ ಆಜ್ಞೆಗಳನ್ನು ಬರೆದಿಟ್ಟ ಕಡತ. ನಲವತ್ತು ಆಜ್ಞೆಗಳನ್ನು ಕೈಯಿಂದ ಒಂದೊಂದಾಗಿ ಹೊಡೆಯುವವರು ಹದಿನೇಳನೆಯದನ್ನು ಮರೆಯಬಹುದು. ಸ್ಕ್ರಿಪ್ಟ್ ಮರೆಯುವುದಿಲ್ಲ. ಇವತ್ತು ಮಾಡಿದ್ದನ್ನೇ ಅದೇ ಕ್ರಮದಲ್ಲಿ ಮುಂದಿನ ವರ್ಷವೂ ಮಾಡುತ್ತದೆ.

ಮೊದಲು ಹಲವರು ಬರೆದ ಕೋಡನ್ನು ಒಂದಾಗಿ ಸೇರಿಸುವ ಕೆಲಸ ನೋಡೋಣ. ಪ್ರೋಗ್ರಾಂ ಬರೆಯುವವರು ಇದನ್ನು ಮರ್ಜ್ ಮಾಡುವುದು ಎನ್ನುತ್ತಾರೆ. ಇದಕ್ಕೆ ಇಂದು ಹೆಚ್ಚಿನವರು ಬಳಸುವ ಸಾಧನ ಗಿಟ್. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು (ಕರ್ನಲ್) ಬರೆದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ರೂಪಿಸಿದರು.

ಗಿಟ್ ಹೇಗೆ ಸೇರಿಸುತ್ತದೆ ಎಂಬುದನ್ನು ನಿಮ್ಮ ಶಾಲೆಯ ಕ್ರೀಡಾದಿನದ ಕಾರ್ಯಕ್ರಮ ಪಟ್ಟಿ ಇಟ್ಟುಕೊಂಡೇ ನೋಡಬಹುದು. ಪಟ್ಟಿ ಕಂಪ್ಯೂಟರಿನಲ್ಲಿದೆ. ಎರಡನೇ ಸಾಲು: ಬೆಳಿಗ್ಗೆ 9 ಗಂಟೆಗೆ ಕಬಡ್ಡಿ. ಏಳನೇ ಸಾಲು: ಸಂಜೆ 4 ಗಂಟೆಗೆ ವಂದನಾರ್ಪಣೆ. ಅಕ್ಕ ಒಂದು ಪ್ರತಿ ತೆಗೆದುಕೊಂಡು ಎರಡನೇ ಸಾಲು ತಿದ್ದುತ್ತಾಳೆ. ತಮ್ಮ ಇನ್ನೊಂದು ಪ್ರತಿಯಲ್ಲಿ ಏಳನೇ ಸಾಲು ತಿದ್ದುತ್ತಾನೆ. ಈಗ ಎರಡನ್ನೂ ಸೇರಿಸಬೇಕು. ಇಬ್ಬರ ಪ್ರತಿಗಳನ್ನು ಮಾತ್ರ ಅಕ್ಕಪಕ್ಕ ಇಟ್ಟರೆ ಎರಡನೇ ಮತ್ತು ಏಳನೇ ಸಾಲುಗಳಲ್ಲಿ ವ್ಯತ್ಯಾಸ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲಾಗದು. ಅದಕ್ಕೇ ಗಿಟ್ ಮೂರನೆಯ ಪ್ರತಿಯೊಂದನ್ನು ಹುಡುಕಿ ತೆಗೆಯುತ್ತದೆ. ಇಬ್ಬರೂ ತಿದ್ದುವುದಕ್ಕೆ ಮೊದಲು ಇದ್ದ ಮೂಲ ಪ್ರತಿ ಅದು. ಮೂಲದಲ್ಲಿ ಇದ್ದಂತೆಯೇ ತಮ್ಮನ ಎರಡನೇ ಸಾಲು ಇದೆ, ಅಕ್ಕನದು ಮಾತ್ರ ಬದಲಾಗಿದೆ. ಹಾಗಾದರೆ ಅಕ್ಕನ ಸಾಲನ್ನೇ ತೆಗೆದುಕೊಳ್ಳಬೇಕು. ಏಳನೇ ಸಾಲಿಗೆ ತಮ್ಮನದು. ಎಷ್ಟು ಸರಳ ಯೋಚನೆ! ಇದನ್ನು ಮೂರು ಬದಿಯ ಮರ್ಜ್ ಎಂದು ಕರೆಯುತ್ತಾರೆ.

ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ? ಆಗ ಗಿಟ್ ತಾನಾಗಿ ತೀರ್ಮಾನ ಮಾಡುವುದಿಲ್ಲ. ಗಣಿತದಲ್ಲಿ ‘ಇದಕ್ಕಿಂತ ಕಡಿಮೆ’ ಎಂದು ತೋರಿಸುವ ಚಿಹ್ನೆ ಇದೆಯಲ್ಲ, ಅದನ್ನು ಸಾಲಾಗಿ ಏಳು ಸಲ ಬರೆಯುತ್ತದೆ. ಅದರ ಕೆಳಗೆ ಒಬ್ಬರ ಸಾಲು, ನಡುವೆ ಏಳು ಸಮ ಚಿಹ್ನೆ, ಆಮೇಲೆ ಇನ್ನೊಬ್ಬರ ಸಾಲು, ಕೊನೆಗೆ ಏಳು ‘ಇದಕ್ಕಿಂತ ಹೆಚ್ಚು’ ಚಿಹ್ನೆ. ಇಷ್ಟು ಗುರುತು ಹಾಕಿ ಕೆಲಸ ನಿಲ್ಲಿಸುತ್ತದೆ. ಮನುಷ್ಯರು ಬಂದು ಓದಿ, ಮಾತಾಡಿಕೊಂಡು, ಒಂದನ್ನು ಆರಿಸಬೇಕು. ತನಗೆ ತಿಳಿಯದ ಕಡೆ ಊಹೆ ಮಾಡದೆ ನಿಲ್ಲುವ ಈ ಗುಣ ನನಗೆ ತುಂಬ ಇಷ್ಟ.

ಆ್ಯರೋ ಯೋಜನೆಯ ಮರ್ಜ್ ಸ್ಕ್ರಿಪ್ಟ್ ಗಿಟ್‌ನ ಮೇಲೆ ಇನ್ನಷ್ಟು ಶಿಸ್ತು ಹೇರುತ್ತದೆ. ಹೊರಗಿನವರು ಕಳಿಸಿದ ತಿದ್ದುಪಡಿಗೆ ಪುಲ್ ರಿಕ್ವೆಸ್ಟ್ ಎಂದು ಹೆಸರು, ಪ್ರತಿಯೊಂದಕ್ಕೂ ಒಂದು ನಂಬರು. ಸೇರಿಸುವ ಹಕ್ಕಿರುವವರು ಸ್ಕ್ರಿಪ್ಟ್ ಓಡಿಸಿದಾಗ ಅದು ಮೊದಲು ನಂಬರು ಕೇಳುತ್ತದೆ. ತಿದ್ದುಪಡಿಯ ಶೀರ್ಷಿಕೆ ನಿಯಮದಂತಿದೆಯೇ, ಅದು ಯಾವ ದೂರಿಗೆ ಪರಿಹಾರ, ಯಾವ ಭಾಷೆಯ ಭಾಗಕ್ಕೆ ಸೇರಿದ್ದು ಎಂದು ನೋಡುತ್ತದೆ. ಬರೆದವರು ಹತ್ತು ಹದಿನೈದು ಸಲ ತಿದ್ದಿ ಕಳಿಸಿದ್ದರೂ ಎಲ್ಲವನ್ನೂ ಒಂದೇ ತಿದ್ದುಪಡಿಯಾಗಿ ಕೂಡಿಸುತ್ತದೆ. ಬರೆದವರೆಲ್ಲರ ಹೆಸರನ್ನೂ ಅದರಲ್ಲಿ ಉಳಿಸುತ್ತದೆ. ನೆರವಾದವರ ಹೆಸರು ಬಿಟ್ಟುಹೋಗದಂತೆ ಯಂತ್ರಕ್ಕೇ ಹೇಳಿಟ್ಟಿರುವುದು ಒಳ್ಳೆಯ ಕ್ರಮ. ಕೊನೆಯಲ್ಲಿ ಮುಂದುವರಿಯಲೇ, ಹೌದೋ ಅಲ್ಲವೋ ಎಂದು ಕೇಳಿ ಕಾಯುತ್ತದೆ. ಉತ್ತರ ಕೊಡಬೇಕಾದವರು ಮನುಷ್ಯರೇ.

ಈಗ ಒಂದು ಕುತೂಹಲದ ತೊಡಕು. ಮತ್ತೆ ಕ್ರೀಡಾದಿನದ ಪಟ್ಟಿಗೆ ಬನ್ನಿ. ಅಕ್ಕ ಕಬಡ್ಡಿಯನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 2 ಗಂಟೆಗೆ ಹಾಕಿದಳು ಎಂದಿಟ್ಟುಕೊಳ್ಳಿ. ತಮ್ಮ ಪಟ್ಟಿಯ ಕೊನೆಗೆ ಹೊಸ ಸಾಲು ಬರೆದ: ಕಬಡ್ಡಿ ಗೆದ್ದವರಿಗೆ 11 ಗಂಟೆಗೆ ಬಹುಮಾನ. ಇಬ್ಬರೂ ಮುಟ್ಟಿದ ಸಾಲುಗಳು ಬೇರೆ. ಗಿಟ್‌ಗೆ ಯಾವ ಜಗಳವೂ ಕಾಣಿಸುವುದಿಲ್ಲ, ಸದ್ದಿಲ್ಲದೆ ಸೇರಿಸಿಬಿಡುತ್ತದೆ. ಆಟ ನಡೆಯುವುದಕ್ಕೆ ಮೂರು ಗಂಟೆ ಮೊದಲೇ ಬಹುಮಾನ ಕೊಟ್ಟಾಯಿತು! ಅಕ್ಕ ಬರೆದದ್ದೂ ಸರಿ, ತಮ್ಮ ಬರೆದದ್ದೂ ಸರಿ, ಸೇರಿದ್ದು ತಪ್ಪು. ದೊಡ್ಡ ಯೋಜನೆಗಳಲ್ಲಿ ಇಂಥದ್ದು ನಿಜಕ್ಕೂ ಆಗುತ್ತದೆ. ಒಬ್ಬರು ಪ್ರೋಗ್ರಾಮಿನ ಒಂದು ಭಾಗದ ಹೆಸರು ಬದಲಿಸುತ್ತಾರೆ. ಅದೇ ವಾರ ಇನ್ನೊಬ್ಬರು ಹಳೆಯ ಹೆಸರಿನಿಂದಲೇ ಅದನ್ನು ಕರೆಯುವ ಹೊಸ ಸಾಲು ಬರೆಯುತ್ತಾರೆ. ಗಿಟ್ ನೋಡುವುದು ಸಾಲುಗಳನ್ನು, ಸಾಲುಗಳ ಅರ್ಥವನ್ನಲ್ಲ. ಆದ್ದರಿಂದ ಸೇರಿಸಿದ ಮೇಲೆ ಓಡಿಸಿಯೇ ನೋಡಬೇಕು. ಟೆಸ್ಟ್‌ಗಳು ಬೇಕಾಗುವುದು ಇದಕ್ಕೆ.

ಟೆಸ್ಟ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ. ಪ್ರೋಗ್ರಾಮಿಗೆ ಪ್ರಶ್ನೆ ಕೊಡುತ್ತೇವೆ, ಬಂದ ಉತ್ತರವನ್ನು ಗೊತ್ತಿರುವ ಉತ್ತರದ ಜೊತೆ ಹೋಲಿಸುತ್ತೇವೆ. ಒಳ್ಳೆಯ ಪ್ರಶ್ನೆ ಹುಡುಕುವುದರಲ್ಲೇ ಜಾಣತನ ಇರುವುದು. ಕನ್ನಡದ್ದೇ ಒಂದು ಉದಾಹರಣೆ ತೆಗೆದುಕೊಳ್ಳಿ. ‘ಮಳೆ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಎರಡು ಎನ್ನುತ್ತೀರಿ, ಸರಿಯೇ. ಕಂಪ್ಯೂಟರಿನ ಲೆಕ್ಕ ಬೇರೆ. ಯುನಿಕೋಡ್ ಪದ್ಧತಿಯಲ್ಲಿ ‘ಮ’ ಒಂದು ಸಂಕೇತ, ‘ಳ’ ಒಂದು ಸಂಕೇತ, ‘ಳೆ’ಯಲ್ಲಿರುವ ಎತ್ವದ ಗುರುತು ಮತ್ತೊಂದು ಸಂಕೇತ. ಒಟ್ಟು ಮೂರು. ಪ್ರತಿ ಕನ್ನಡ ಸಂಕೇತಕ್ಕೂ ಯುಟಿಎಫ್-8 ಎಂಬ ಬರವಣಿಗೆಯಲ್ಲಿ 3 ಬೈಟ್ ಜಾಗ ಬೇಕು; ಬೈಟ್ ಎಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಒಂದು ಸಣ್ಣ ಮಾನ. ಅಲ್ಲಿಗೆ 9 ಬೈಟ್. ಅಕ್ಷರ ಎರಡು, ಸಂಕೇತ ಮೂರು, ಬೈಟ್ ಒಂಬತ್ತು. ಪದ ಮಾತ್ರ ಒಂದೇ!

ಆ್ಯರೋದಲ್ಲಿ ಬೈಟುಗಳನ್ನು ಎಣಿಸುವ ಭಾಗ ಬೇರೆ, ಸಂಕೇತಗಳನ್ನು ಎಣಿಸುವ ಭಾಗ ಬೇರೆ. ಪದವನ್ನು ಹಿಂದುಮುಂದಾಗಿ ತಿರುಗಿಸುವ ಭಾಗವೂ ಇದೆ. ಅದಕ್ಕೆ ‘ಮಳೆ’ ಕೊಟ್ಟರೆ ‘ಳೆಮ’ ಬರುವುದಿಲ್ಲ. ಎತ್ವದ ಗುರುತು ಎಲ್ಲಕ್ಕಿಂತ ಮೊದಲು ಬಂದು, ಅಂಟಿಕೊಳ್ಳಲು ವ್ಯಂಜನವಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ಅದರ ಹಿಂದೆ ‘ಳಮ’. ಒಂದರೊಡನೊಂದು ಕೂಡುವ ಸಂಕೇತಗಳಿದ್ದರೆ ತಿರುಗಿಸಿದ್ದು ಸರಿಬರುವುದಿಲ್ಲ ಎಂದು ಆ್ಯರೋದ ಕೈಪಿಡಿಯಲ್ಲೇ ಎಚ್ಚರಿಕೆ ಬರೆದಿದ್ದಾರೆ. ಇಂಗ್ಲಿಷ್ ಪದಗಳಿಂದಷ್ಟೇ ಪರೀಕ್ಷಿಸಿದ ಪ್ರೋಗ್ರಾಂ ಕನ್ನಡ, ತಮಿಳು, ಹಿಂದಿ ಬಂದ ಕೂಡಲೇ ಎಡವುವುದು ಇಂಥ ಕಡೆಯೇ. ಎಲ್ಲ ಭಾಷೆಯವರೂ ತಮ್ಮ ತಮ್ಮ ಪ್ರಶ್ನೆಗಳನ್ನು ಟೆಸ್ಟ್‌ಗೆ ಸೇರಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ಬಗೆಯ ಟೆಸ್ಟ್ ಇದೆ. ಒಂದು ಭಾಷೆಯ ಪ್ರೋಗ್ರಾಂ ಬರೆದಿಟ್ಟ ಕಡತವನ್ನು ಮತ್ತೊಂದು ಭಾಷೆಯ ಪ್ರೋಗ್ರಾಂ ಓದಿ ಅದೇ ಅರ್ಥ ಮಾಡಿಕೊಳ್ಳುತ್ತದೆಯೇ? ಇದು ಸುಲಭ ಅಲ್ಲ. 258 ಎಂಬ ಸಂಖ್ಯೆ ನೋಡಿ. ಒಂದು ಬೈಟಿನಲ್ಲಿ 255ರ ತನಕ ಮಾತ್ರ ಹಿಡಿಸುತ್ತದೆ, ಆದ್ದರಿಂದ 258ಕ್ಕೆ ಎರಡು ಬೈಟ್ ಬೇಕು. 256ರ ಗುಂಪು 1, ಬಿಡಿ 2. ಇವುಗಳಲ್ಲಿ ಯಾವುದನ್ನು ಮೊದಲು ಇಡಬೇಕು? ನಿಮ್ಮ ಫೋನು, ಲ್ಯಾಪ್‌ಟಾಪು ಚಿಕ್ಕದನ್ನು ಮೊದಲು ಇಡುತ್ತವೆ: 2, ಆಮೇಲೆ 1. ಬ್ಯಾಂಕುಗಳಲ್ಲಿ ಬಳಸುವ ಐಬಿಎಂ ಮೇನ್‌ಫ್ರೇಮ್ ಯಂತ್ರಗಳು ದೊಡ್ಡದನ್ನು ಮೊದಲು ಇಡುತ್ತವೆ: 1, ಆಮೇಲೆ 2. ಒಂದು ಬರೆದದ್ದನ್ನು ಇನ್ನೊಂದು ಹಾಗೇ ಓದಿದರೆ 258 ಹೋಗಿ 513 ಆಗುತ್ತದೆ. ಗುಣಿಸಿ ನೋಡಿ: 2 ಸಲ 256, ಮೇಲೊಂದು 1.

ಇಂಥ ತಪ್ಪು ನುಸುಳದಿರಲು ಆ್ಯರೋದ ಟೆಸ್ಟ್ ಸ್ಕ್ರಿಪ್ಟ್ ಒಂದೊಂದು ಭಾಷೆಯಲ್ಲೂ ಕಡತ ಬರೆಸಿ, ಆ ಭಾಷೆಯೂ ಸೇರಿ ಎಲ್ಲ ಭಾಷೆಗಳಲ್ಲೂ ಓದಿಸುತ್ತದೆ. ಐದು ಭಾಷೆ ಎಂದರೆ ಬರೆಯುವವರು ಐದು, ಓದುವವರು ಐದು, ಒಟ್ಟು 25 ಜೋಡಿ. ಇನ್ನೊಂದು ಭಾಷೆ ಬಂದರೆ ಜೋಡಿ 36ಕ್ಕೆ ಏರುತ್ತದೆ. ಇದನ್ನು ಕೈಯಿಂದ ಮಾಡುತ್ತ ಕೂರುವವರಿಗೆ ಬೇರೆ ಕೆಲಸಕ್ಕೆ ಸಮಯವೇ ಇರದು.

ಇಷ್ಟೆಲ್ಲ ಮಾಡಿದರೂ ತಪ್ಪು ಒಳಗೆ ಸೇರಿಕೊಳ್ಳುವುದುಂಟು. ಕಳೆದ ತಿಂಗಳು ಸರಿಯಿದ್ದದ್ದು ಇಂದು ಕೆಟ್ಟಿದೆ, ನಡುವೆ 1000 ತಿದ್ದುಪಡಿಗಳು ಸೇರಿವೆ ಎನ್ನಿ. ಯಾವುದರಿಂದ ಕೆಟ್ಟಿತು? ಒಂದೊಂದನ್ನೂ ನೋಡಬೇಕಿಲ್ಲ. ಸರಿಯಾಗಿ ಮಧ್ಯದ 500ನೆಯದಕ್ಕೆ ಹೋಗಿ ಟೆಸ್ಟ್ ಓಡಿಸಿ. ಅಲ್ಲಿ ಸರಿಯಿದ್ದರೆ ತಪ್ಪು ಆಮೇಲಿನ 500ರಲ್ಲಿದೆ, ಕೆಟ್ಟಿದ್ದರೆ ಮೊದಲ 500ರಲ್ಲಿ. ಉಳಿದದ್ದನ್ನು ಮತ್ತೆ ಅರ್ಧ ಮಾಡಿ: 250, 125, 63, 32, 16, 8, 4, 2, 1. ಹತ್ತೇ ಸಲಕ್ಕೆ ಸಿಕ್ಕಿಬಿತ್ತು! ಗಿಟ್‌ನಲ್ಲಿ ಇದಕ್ಕೆ ಬೈಸೆಕ್ಟ್ ಎಂಬ ಆಜ್ಞೆ ಇದೆ. ಅದಕ್ಕೆ ಟೆಸ್ಟ್ ಸ್ಕ್ರಿಪ್ಟ್ ಒಂದನ್ನು ಕೊಟ್ಟರೆ ಅರ್ಧರ್ಧ ಮಾಡುತ್ತ ತಾನೇ ಹುಡುಕುತ್ತದೆ. ತಿದ್ದುಪಡಿಗಳು 2000 ಆದರೂ ಒಂದೇ ಒಂದು ಸಲ ಹೆಚ್ಚು, ಅಷ್ಟೇ.

ಇನ್ನು ಬಿಡುಗಡೆ. ಆ್ಯರೋದ ಹೊಸ ಆವೃತ್ತಿ ಸಿದ್ಧವಾದಾಗ ಅದನ್ನು ನೇರವಾಗಿ ಎಲ್ಲರ ಕೈಗೂ ಕೊಡುವುದಿಲ್ಲ. ಮೊದಲು ರಿಲೀಸ್ ಕ್ಯಾಂಡಿಡೇಟ್ ಎಂಬ ಅಭ್ಯರ್ಥಿಯನ್ನು ತಯಾರಿಸುತ್ತಾರೆ. ಮೊದಲನೆಯದಕ್ಕೆ ನಂಬರು 0. ಅದರಲ್ಲಿ ದೊಡ್ಡ ತಪ್ಪು ಕಂಡರೆ ಕೈಬಿಟ್ಟು 1, ಆಮೇಲೆ 2. ಅಭ್ಯರ್ಥಿಯನ್ನು ಒಪ್ಪಲು ಅಪಾಚೆಯಲ್ಲಿ ಒಂದು ನಿಯಮವಿದೆ. ಮತ ಹಾಕುವ ಹಕ್ಕುಳ್ಳ ಕನಿಷ್ಠ ಮೂವರು ‘ಪ್ಲಸ್ ಒಂದು’ ಎಂದು ಒಪ್ಪಬೇಕು, ಬೇಡ ಎನ್ನುವವರಿಗಿಂತ ಒಪ್ಪಿದವರು ಹೆಚ್ಚಿರಬೇಕು. ಮತದಾನ ಕನಿಷ್ಠ 72 ಗಂಟೆ ತೆರೆದಿರಬೇಕು. ಭೂಮಿಯ ಒಂದು ಕಡೆ ಹಗಲಾದಾಗ ಇನ್ನೊಂದು ಕಡೆ ರಾತ್ರಿಯಲ್ಲವೇ, ಮಲಗಿದ್ದವರಿಗೂ ಎದ್ದು ನೋಡಲು ಸಮಯ ಸಿಗಬೇಕು. ಮತ ಹಾಕುವವರು ಆ ಕೋಡನ್ನು ತಮ್ಮದೇ ಕಂಪ್ಯೂಟರಿಗೆ ಇಳಿಸಿಕೊಂಡು, ಕಟ್ಟಿ (ಓಡುವ ಪ್ರೋಗ್ರಾಮಾಗಿ ಮಾರ್ಪಡಿಸಿ), ಓಡಿಸಿ ನೋಡಿರಬೇಕು. ಅವರು ಚೆನ್ನಾಗಿದೆ ಎಂದರಂತೆ, ನಾನೂ ಚೆನ್ನಾಗಿದೆ ಎನ್ನುತ್ತೇನೆ ಎಂದು ಕೈ ಎತ್ತುವಂತಿಲ್ಲ.

ಈ ಕೆಲಸಕ್ಕೂ ಒಂದು ಸ್ಕ್ರಿಪ್ಟ್ ಇದೆ. ಅದು ತಾತ್ಕಾಲಿಕವಾದ ಹೊಸ ಫೋಲ್ಡರ್ ಮಾಡಿಕೊಂಡು ಅಲ್ಲಿಗೆ ಕೋಡ್ ಇಳಿಸುತ್ತದೆ. ಅದರ ಒಂದು ಕೆಲಸ ಹ್ಯಾಶ್ ಸರಿನೋಡುವುದು. ಹ್ಯಾಶ್ ಎಂದರೆ ಇಡೀ ಕಡತವನ್ನು ಒಂದು ಲೆಕ್ಕಕ್ಕೆ ಹಾಕಿದಾಗ ಬರುವ ಉದ್ದದ ಸಂಖ್ಯೆ. ಎಸ್‌ಎಚ್‌ಎ-256 ಎಂಬ ಲೆಕ್ಕದಲ್ಲಿ, ಕಡತ ಎಷ್ಟೇ ದೊಡ್ಡದಿರಲಿ, ಯಾವಾಗಲೂ 64 ಚಿಹ್ನೆಗಳ ಉತ್ತರ ಬರುತ್ತದೆ. ಇಂಗ್ಲಿಷಿನ ‘ಹೆಲೋ’ ಪದವನ್ನು ಎಲ್ಲ ಚಿಕ್ಕ ಅಕ್ಷರಗಳಲ್ಲಿ ಬರೆದು ಈ ಲೆಕ್ಕ ಮಾಡಿಸಿದರೆ ಉತ್ತರದ ಕೊನೆಯಲ್ಲಿ 9824 ಇರುತ್ತದೆ. ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡಿದರೆ ಕೊನೆಯಲ್ಲಿ 1969. ನಡುವಿನ ಚಿಹ್ನೆಗಳೂ ಗುರುತು ಸಿಗದಷ್ಟು ಬದಲಾಗುತ್ತವೆ. ಆದ್ದರಿಂದ ಕೋಟಿ ಬೈಟುಗಳಲ್ಲಿ ಒಂದೇ ಒಂದು ಬೈಟ್ ದಾರಿಯಲ್ಲಿ ಕೆಟ್ಟಿದ್ದರೂ ಹ್ಯಾಶ್ ಹೊಂದುವುದಿಲ್ಲ.

ಇನ್ನೊಂದು ಕೆಲಸ ಸಹಿ ಸರಿನೋಡುವುದು. ಬಿಡುಗಡೆ ಮಾಡುವವರ ಬಳಿ ಗುಟ್ಟಾದ ಒಂದು ಕೀಲಿ ಸಂಖ್ಯೆ, ಎಲ್ಲರಿಗೂ ಕೊಟ್ಟಿರುವ ಇನ್ನೊಂದು ಕೀಲಿ ಸಂಖ್ಯೆ ಇರುತ್ತವೆ. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತಾಳೆ ನೋಡಬಹುದು, ಆದರೆ ನಕಲು ಮಾಡಲಾಗದು. ಇವೆರಡೂ ಸರಿಯಾದ ಮೇಲೆ ಕೋಡನ್ನು ಬಿಚ್ಚಿ, ಒಂದೊಂದು ಭಾಷೆಯ ಭಾಗವನ್ನೂ ಕಟ್ಟಿ, ಟೆಸ್ಟ್‌ಗಳನ್ನೆಲ್ಲ ಓಡಿಸುತ್ತದೆ. ಎಲ್ಲಿ ಏನು ತಪ್ಪಾದರೂ ಅಲ್ಲೇ ನಿಲ್ಲುತ್ತದೆ. ಎಲ್ಲವೂ ದಾಟಿದರೆ ಕೊನೆಯಲ್ಲಿ ‘ರಿಲೀಸ್ ಕ್ಯಾಂಡಿಡೇಟ್ ಲುಕ್ಸ್ ಗುಡ್!’ ಎಂದು ಪರದೆಯ ಮೇಲೆ ಬರುತ್ತದೆ.

ಸಹಿ ಇದೆ, ಹ್ಯಾಶ್ ಇದೆ, ಇನ್ನೇನು ಭಯ ಎನ್ನುತ್ತೀರಾ? 2024ರಲ್ಲಿ ನಡೆದದ್ದನ್ನು ಕೇಳಿ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶ, ಲಿನಕ್ಸ್ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇರೆಯವರ ಕಂಪ್ಯೂಟರಿಗೆ ನುಗ್ಗಲು ಒಂದು ಕಳ್ಳದಾರಿಯನ್ನು ಯಾರೋ ಸೇರಿಸಿದ್ದರು. ಕೆಟ್ಟ ಕೋಡನ್ನು ಅಡಗಿಸಿದ್ದು ಎಲ್ಲಿ ಗೊತ್ತೇ? ಟೆಸ್ಟ್‌ಗೆಂದು ಇಟ್ಟಿದ್ದ ಕಡತಗಳಲ್ಲಿ! ಅದನ್ನು ಬಿಚ್ಚಿ ಒಳಸೇರಿಸುವ ಸಾಲುಗಳನ್ನು ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿ ಇಟ್ಟಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇಟ್ಟಿದ್ದರು. ಸಹಿ ಹಾಕಿದವರು ಯೋಜನೆಯ ಒಳಗಿನವರೇ. ಹಾಗಾಗಿ ಸಹಿಯೂ ಸರಿ, ಹ್ಯಾಶೂ ಸರಿ.

ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಅವರು ಬೇರೇನನ್ನೋ ಅಳೆಯುತ್ತಿದ್ದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಪ್ರಯತ್ನಕ್ಕೆ ಮೊದಲು ಸುಮಾರು 0.3 ಸೆಕೆಂಡು ಸಾಕಾಗಿತ್ತು, ಈಗ 0.8 ಸೆಕೆಂಡು ಹಿಡಿಯುತ್ತಿತ್ತು. ಅರ್ಧ ಸೆಕೆಂಡು ತಾನೇ ಎಂದು ಅವರು ಬಿಡಲಿಲ್ಲ. ಏಕೆ ಎಂದು ಬೆನ್ನುಹತ್ತಿ, ಒಳಗಿನ ಕಳ್ಳದಾರಿಯನ್ನು ಬಯಲಿಗೆಳೆದು, 2024ರ ಮಾರ್ಚ್ 29ರಂದು ಜಗತ್ತಿಗೆಲ್ಲ ತಿಳಿಸಿದರು. ಹೆಚ್ಚಿನ ಕಂಪ್ಯೂಟರುಗಳಿಗೆ ಅದು ತಲುಪುವ ಮೊದಲೇ ತಡೆಯಲು ಸಾಧ್ಯವಾಯಿತು. ಕೋಡ್ ತೆರೆದಿದ್ದರಿಂದಲೇ ಅವರು ಕೊನೆಯ ತನಕ ಹೋಗಿ ನೋಡಬಲ್ಲವರಾದರು ಎಂಬುದನ್ನು ನಾವು ಮರೆಯಬಾರದು.

ಬಿಡುಗಡೆಯ ಕಟ್ಟು ಮತ್ತು ಗಿಟ್ ಭಂಡಾರ ಎರಡೂ ಒಂದೇ ಆಗಿವೆಯೇ ಎಂದು ತಾಳೆ ನೋಡುವುದು ಎಷ್ಟು ಮುಖ್ಯ ಎಂದು ಆಗ ಎಲ್ಲರಿಗೂ ಮನದಟ್ಟಾಯಿತು. ಡೆಬಿಯನ್ ಮುಂತಾದ ಯೋಜನೆಗಳು ಬಹಳ ವರ್ಷಗಳಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಶ್ರಮಿಸುತ್ತಿವೆ: ಒಂದೇ ಕೋಡನ್ನು ಇಬ್ಬರು ಬೇರೆ ಬೇರೆ ಕಡೆ ಕಟ್ಟಿದರೂ ಒಂದು ಬೈಟಿನ ವ್ಯತ್ಯಾಸವೂ ಇಲ್ಲದೆ ಅದೇ ಪ್ರೋಗ್ರಾಂ ಬರಬೇಕು. ಕಟ್ಟಿದ ಹೊತ್ತನ್ನು ಕಡತದೊಳಗೆ ಬರೆದುಕೊಳ್ಳುವ ಅಭ್ಯಾಸವಿದ್ದರೂ ಸಾಕು, ಹ್ಯಾಶ್ ಬೇರೆಯಾಗಿಬಿಡುತ್ತದೆ. ಅಂಥ ಸಣ್ಣ ಸಣ್ಣ ಅಡಚಣೆಗಳನ್ನು ಹುಡುಕಿ ತೆಗೆಯುತ್ತಿದ್ದಾರೆ.

ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಪೈಥಾನ್ ಇದ್ದರೆ ನಿಮ್ಮ ಟೀಚರ್ ಹತ್ತಿರ ‘ಲೆನ್’ ಎಂಬ ಆಜ್ಞೆ ಕೇಳಿ ತಿಳಿದುಕೊಳ್ಳಿ. ಅದಕ್ಕೆ ‘ಮಳೆ’ ಕೊಟ್ಟರೆ 3 ಎನ್ನುತ್ತದೆ. ‘ಕ್ಷಮೆ’ ಕೊಟ್ಟರೆ 5 ಎನ್ನುತ್ತದೆ. ಕ, ಒತ್ತು ಹಾಕುವ ಗುರುತು, ಷ, ಮ, ಎತ್ವ, ಐದು ಆಯಿತಲ್ಲ. ಈಗ ನಿಮ್ಮ ಹೆಸರು ಬರೆದು, ಉತ್ತರ ಎಷ್ಟು ಬರಬೇಕೆಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಓಡಿಸಿ. ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ. ಫೋನಿನ ಯಾವುದಾದರೂ ಮುಕ್ತ ತಂತ್ರಾಂಶದಲ್ಲಿ ಕನ್ನಡ ಅಕ್ಷರ ಒಡೆದು ಕಾಣಿಸಿದರೆ, ಯಾವ ಪದ ಬರೆದಾಗ ಹಾಗಾಯಿತು, ಏನು ಬರಬೇಕಿತ್ತು, ಏನು ಬಂತು ಎಂದು ಮೂರು ಸಾಲು ಬರೆದು, ದೊಡ್ಡವರ ಸಹಾಯದಿಂದ ಅದನ್ನು ತಯಾರಿಸಿದವರಿಗೆ ಕಳಿಸಿ. ಆ ಮೂರು ಸಾಲು ಅವರ ಟೆಸ್ಟ್‌ಗಳಲ್ಲಿ ಒಂದಾಗಬಹುದು.